ಸೆರಗಿದ್ದ ಡೇರೆ

ನನ್ನ ಮಗಳು ಇವತ್ತು ಮುಂಜಾನೆ ಹೆಣ್ಣು ಹೆತ್ತಳು! ಕೂಸು ಕೆಂಪಗಿದೆ, ಗುಂಡಗಿದೆ, ಅತ್ತರೆ ಓಣಿಯ ಮಗ್ಗಗಳ ಸದ್ದು ಕೇಳಿಸುವುದಿಲ್ಲ. ಬನಹಟ್ಟಿಯಲ್ಲಿ ಇದುವರೆಗೆ ಯಾರೂ ಅಜ್ಜಿಯಾಗಿಯೇ ಇಲ್ಲವೇನೋ ಎಂಬಂತೆ ನಾನು ಮನೆಮನೆಗೆ ಸಕ್ಕರೆ ಕೊಟ್ಟು ಬಂದೆ. ಒಂದೆರಡು ಮನೆಗೆ ಎರಡು ಸಲ ಹೋದೆನಂತೆ. ಎರಡನೆಯ ಸಲವೂ ಯಾರೂ ಬೇಡವೆನ್ನಲಿಲ್ಲ.

ಕೂಸಿನದು ಎಲ್ಲವೂ ಚೆನ್ನಾಗಿದೆ. ಚಿಂತೆ ಇರುವುದು ಅದರ ಅಜ್ಜನದು. ನಮ್ಮ ಮನೆಯವರಲ್ಲ, ಆ ಕಡೆಯ ಅಜ್ಜ, ರಬಕವಿಯ ನಮ್ಮ ಬೀಗರು. ಅವರು ಹುಚ್ಚರಲ್ಲ. ಹುಚ್ಚರಾಗಿದ್ದರೆ ಔಷಧವಾದರೂ ಕೊಡಬಹುದಿತ್ತು!

ಬೀಗರು ಸೀರೆ ನೇಯುವವರು. ಮಗನಿಗೆ ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗ ಉಪ್ಪಿಟ್ಟು ತಿಂದರು, ಹುಡುಗಿಯನ್ನು ನೋಡಲಿಲ್ಲ. ಅವಳು ಉಟ್ಟ ಸೀರೆಯ ಅಂಚನ್ನು ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡಿ, "ಇದು ಯಾರ ಮಗ್ಗದ್ರಿ?" ಎಂದು ಕೇಳಿದರು. ಆಮೇಲೆ ಕೈ ತೊಳೆದು ಹೇಳಿದರು:

"ಉಪ್ಪಿಟ್ಟು ಮುಂದಿಟ್ಕೊಂಡು ಕುಂತಾಗ ಎಲ್ಲಾರೂ ಛಲೋನ ಇರ್ತಾರ್ರಿ. ಕೂಡಿ ಒಂದು ಯಾತ್ರಾ ಹೋಗೂಣು. ಎರಡೂ ಮನಿಯವರು ಒಂದ ಡೇರೆದಾಗ ಮಲಗಬೇಕು, ಮೂರು ಕಲ್ಲಿನ ಒಲಿ ಮ್ಯಾಲ ಮಾಡ್ಕೊಂಡು ಉಣಬೇಕು. ಜಗಳಾಡದ ತಿರುಗಿ ಬಂದ್ರ ಸಕ್ಕರಿ ಹಂಚಿ ಲಗ್ನ ಗಟ್ಟಿ ಮಾಡೂಣು. ಆಡಿದ್ರ ನಿಮ್ಮ ಹಾದಿ ನಿಮಗ, ನಮ್ಮ ಹಾದಿ ನಮಗ."

"ಎಲ್ಲಿಗ್ರಿ ಹೋಗೂದು, ಬದಾಮಿಗೇನು?" ಎಂದರು ನಮ್ಮ ಮನೆಯವರು.

"ಸಿಂಹಳಕ್ಕ."

ಯಾಕೆ ಸಿಂಹಳ? ಬೀಗರಿಗೆ ಸಣ್ಣಂದಿನಿಂದ ಒಂದು ಪ್ರಶ್ನೆ ಕಾಡುತ್ತಿತ್ತು. ಸೀತವ್ವ ಅಷ್ಟು ಕಾಲ ಲಂಕೆಯ ಆ ವನದಲ್ಲಿ ಉಟ್ಟ ಸೀರೆಯಲ್ಲೇ ಕುಳಿತಿದ್ದಳಲ್ಲ, ಅದು ಎಂಥ ನೂಲಿನದ್ದಿರಬೇಕು? ರಾಮಾಯಣ ಕೇಳಿದವರೆಲ್ಲ ಅಳುವ ಜಾಗದಲ್ಲಿ ಇವರು ನೂಲು ಎಣಿಸುತ್ತಿದ್ದರು. ಕಡೆಗೆ ಆಕೆಗೆಂದೇ ತಮ್ಮ ಕೈಯಿಂದ ಒಂದು ಸೀರೆ ನೇಯ್ದು, ಒಯ್ದು ಅಲ್ಲಿಟ್ಟು ಬರಬೇಕೆಂದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಹೆಂಡತಿ ಕೂಡ ಅದನ್ನು ಮುಟ್ಟುವ ಹಾಗಿರಲಿಲ್ಲ.

ನಾವು ಒಪ್ಪಿದ್ದೇಕೆ? ಹುಡುಗ ಒಳ್ಳೆಯವನು. ಜಮಖಂಡಿಯ ಕಾಲೇಜಿನಲ್ಲಿ ಓದಿದವನು. ಅವನು ಬಂದು ಹೋದ ದಿನದಿಂದ ನನ್ನ ಮಗಳು ರೊಟ್ಟಿಯನ್ನೆಲ್ಲ ಸೀಯಿಸತೊಡಗಿದ್ದಳು. ತಾಯಿಗೆ ಇನ್ನೇನು ಹೇಳಬೇಕು? ಈ ಸಂಬಂಧ ತಪ್ಪಬಾರದು ಎಂದು ಗಟ್ಟಿ ಮಾಡಿ ಗಂಟು ಕಟ್ಟಿದೆ. ಕಾಗದಪತ್ರಕ್ಕೆಲ್ಲ ಅಲೆದವನು ಹುಡುಗನೇ. ಬೀಗರ ಹೆಂಡತಿ ಮಾತ್ರ ಬರಲಿಲ್ಲ. ಹಿಂದೊಮ್ಮೆ ಗಂಡನ ಜೊತೆ ಗೋಕರ್ಣಕ್ಕೆ ಹೋಗಿ ಬಂದಿದ್ದಳಂತೆ; ಅಷ್ಟು ಸಾಕು ಎಂದಳು.

ಡೇರೆಯನ್ನು ಬೀಗರೇ ನೇಯ್ದಿದ್ದರು. ಬಾಡಿಗೆಗೆ ತರಬಹುದಿತ್ತಲ್ಲ? ಅಂಚಿಲ್ಲದ ಅರಿವೆಯ ಕೆಳಗೆ ಅವರಿಗೆ ನಿದ್ದೆ ಬರುವುದಿಲ್ಲವಂತೆ. ಹಾಗಾಗಿ ನಮ್ಮ ಡೇರೆಗೆ ನಾಲ್ಕೂ ಕಡೆ ಅಂಚು, ಬಾಗಿಲಿಗೆ ಮೊಳಗಟ್ಟಲೆ ಕೆಂಪು ಸೆರಗು. ನೆರಿಗೆ ಹಿಡಿದರೆ ಯಾರಾದರೂ ಉಡಬಹುದಿತ್ತು!

ಆಗ ರಾಮೇಶ್ವರದಿಂದ ಹಡಗು ಇತ್ತು. ಆ ದಂಡೆಯಲ್ಲಿ ಇಳಿದಾಗ ಸಾಮಾನು ನೋಡುವ ಅಧಿಕಾರಿ ಡೇರೆಯ ಗಂಟಿಗೆ ಕೋಲು ತಾಗಿಸಿ ಏನೋ ಕೇಳಿದ. ಬೀಗರಿಗೆ ಬರುವುದು ಕನ್ನಡ ಒಂದೇ. ತಿಳಿಯದವರಿಗೆ ಅದನ್ನೇ ಗಟ್ಟಿಯಾಗಿ ಹೇಳುತ್ತಾರೆ.

"ಮನಿರೀ! ನಮ್ಮ ಮನಿ!"

ಅವನು ಒಳಗೇನಿದೆ ಎಂದು ಸನ್ನೆ ಮಾಡಿದ.

"ಒಳಗ ನಾವ ಇರ್ತೀವಿ. ಈಗ ಹೊರಗ ಬಂದೇವಿ."

ಅವನು ನಮ್ಮ ಮುಖಗಳನ್ನು ನೋಡಿ, ಪಾಪ ಎನಿಸಿತೋ ಏನೋ, ಬಿಟ್ಟುಬಿಟ್ಟ.

ಅಲ್ಲಿಂದ ಲಾರಿ, ಬಸ್ಸು, ಕಾಲ್ನಡಿಗೆ. ಹೋಟೆಲು ಕಂಡರೆ ಬೀಗರು ಮುಖ ತಿರುಗಿಸುತ್ತಿದ್ದರು: "ಕಣ್ಣು ಮುಚ್ಚಾಕ ರೊಕ್ಕ ಯಾಕ ಕೊಡಬೇಕು?" ಊರಿಂದ ತಂದ ಗರಿಗರಿ ಕಟಕ ರೊಟ್ಟಿ ಆ ಊರಿನ ಹಸಿ ಗಾಳಿಗೆ ಮೆತ್ತಗಾಗಿ, ಆಮೇಲೆ ಹಸಿರಾಗತೊಡಗಿತು. "ಪಲ್ಲೆ ಬ್ಯಾರೆ ಬೇಕಾಗಿಲ್ಲ ಬಿಡ್ರಿ" ಎಂದರು ನಮ್ಮ ಮನೆಯವರು. ಅದು ಅಲ್ಲಿಯವರೆಗೆ ಅವರಾಡಿದ ಅತಿ ಉದ್ದದ ಮಾತು.

ಒಂದು ದಿನ ದಾರಿಯ ಬದಿಯ ಆಲದ ಮರದ ಕೆಳಗೆ ಡೇರೆ ಹೊಡೆದು ಮಲಗಿದ್ದೆವು. ಮುಂಜಾನೆ ಬಾಗಿಲು ಸರಿಸಿದರೆ ಹೊರಗೆ ಹೆಂಗಸರು, ಗಂಡಸರು ಕೈಮುಗಿದು ನಿಂತಿದ್ದಾರೆ! ಕೆಂಪು ಸೆರಗು, ಜರಿ ಅಂಚು ನೋಡಿ ಯಾವುದೋ ದೇವರ ಮೆರವಣಿಗೆ ಬಂದು ಇಳಿದಿದೆ ಎಂದುಕೊಂಡಿದ್ದರು. ಹೂವು, ಎಳನೀರು, ತೆಂಗಿನಕಾಯಿ ಇಟ್ಟಿದ್ದರು. ಮೊದಲು ಹೊರಬಂದವರು ನಮ್ಮ ಮನೆಯವರು, ಬಾಯಲ್ಲಿ ಬೇವಿನ ಕಡ್ಡಿ. ಭಕ್ತರು ಸ್ವಲ್ಪ ಹಿಂದೆ ಸರಿದರು.

ಬೀಗರ ಕಣ್ಣಲ್ಲಿ ನೀರು. "ನೋಡ್ರಿ, ಅರಿವಿಗೆ ಕೈ ಮುಗದಾರ! ನಮ್ಮೂರ ವ್ಯಾಪಾರಿ ಒಬ್ಬ ಮುಗದಿಲ್ಲ!" ತೆಂಗಿನಕಾಯಿ ಚಟ್ನಿಯಾಯಿತು.

ಜಗಳವಿಲ್ಲದೆ ಬೆಟ್ಟದ ತನಕ ಬಂದೆವು. ಚಹಾದ ತೋಟಗಳ ಆಚೆ, ಸೀತವ್ವ ಕುಳಿತಿದ್ದಳೆನ್ನುವ ತೊರೆಗೆ ಇನ್ನು ಒಂದು ದಿನದ ದಾರಿ. ಆ ಸಂಜೆ ಮಳೆ ಬಂತು ನೋಡಿ! ನಮ್ಮ ಬನಹಟ್ಟಿ ಕಡೆ ವರ್ಷವೆಲ್ಲ ಬೀಳುವುದು ಅಲ್ಲಿ ಒಂದೇ ಸಲಕ್ಕೆ ಬಿತ್ತು. ಡೇರೆಯ ಸೆರಗು ಬಣ್ಣ ಬಿಟ್ಟಿತು. ನಮ್ಮ ಮನೆಯವರ ತಲೆ ಕೆಂಪು, ಹುಡುಗ ಕೆಂಪು, ಅನ್ನ ಕೆಂಪು. ಮಗಳ ಸೀರೆ ಅಂಚಿನಿಂದ ಅಂಚಿಗೆ ಕೆಂಪು, ಚಳಿಗೆ ನಡುಗುತ್ತಿದ್ದಳು. ನಾನು ಅವಳ ಬಾಯಿ ನೋಡುತ್ತಿದ್ದೆ. ಸುಮ್ಮನಿರು ಮಗಳೇ, ಒಂದೇ ದಿನ.

ಸುಮ್ಮನಿದ್ದರೆ ಅವಳು ನನ್ನ ಮಗಳೇ?

"ಏನ್ರಿ, ಡೇರೆಕ ಸೆರಗು ಹಚ್ಚಾಕ ಬಂತು, ನೂಲು ತೊಳಿಯಾಕ ಬರಲಿಲ್ಲೇನು? ಬಣ್ಣದಾಗ ಅದ್ದಿ ತಗದ ಮ್ಯಾಲ ನೀರು ತಿಳಿ ಆಗೂತನಕ ಹಿಂಡಬೇಕು. ನಮ್ಮ ಓಣ್ಯಾಗ ಸಣ್ಣ ಹುಡುಗ್ಯಾರಿಗೂ ಗೊತ್ತೈತಿ. ಅವಸರ ಮಾಡೀರಿ ನೀವು!"

ಹುಡುಗ ಕಣ್ಣು ಮುಚ್ಚಿಕೊಂಡ. ಸಂಬಂಧ ಹೋಯಿತು ಎಂದು ನಾನು ಗೋಡೆ ಹುಡುಕಿದೆ, ಒರಗಲಿಕ್ಕೆ. ಡೇರೆಗೆ ಗೋಡೆ ಎಲ್ಲಿಂದ?

ಬೀಗರು ಎದ್ದು ಬಾಗಿಲಿಗೆ ಹೋದರು. ಸೆರಗಿನ ತುದಿ ಹಿಂಡಿದರು, ಕೈ ನೋಡಿಕೊಂಡರು. ಆಮೇಲೆ ಟ್ರಂಕು ತೆಗೆದು ಆ ಸೀರೆಯನ್ನು ಹೊರತೆಗೆದರು. ಯಾರೂ ಮುಟ್ಟಬಾರದ ಸೀರೆ. ನನ್ನ ಮಗಳ ಕೈಗೆ ಕೊಟ್ಟರು.

"ಉಟ್ಕೋ ಯವ್ವಾ. ಇದರ ಬಣ್ಣ ತೊಳದೇನಿ."

"ಸೀತವ್ವನ ಸೀರಿ ಅಲ್ರಿ ಇದು?" ಎಂದೆ ನಾನು.

"ಸೀತವ್ವಗ ಕಾಯೂದು ರೂಢಿ ಐತಿ ಬೀಗತಿ. ಈ ಹುಡುಗಿಗೆ ಚಳಿ ಹತ್ತೇತಿ." ಹುಡುಗನ ಕಡೆ ತಿರುಗಿದರು. "ಮಂಗ್ಯಾ, ಸುಮ್ನ ಏನ್ ನೋಡ್ತಿ? ಚಾದ ಡಬ್ಬ್ಯಾಗ ಸಕ್ಕರಿ ಐತಿ, ತಾ. ನಾ ನೇಯ್ದದ್ದರ ತಪ್ಪು ಮುಖದ ಮ್ಯಾಲ ಹೇಳಾಕಿ ನಮ್ಮ ಮನ್ಯಾಗ ಇರಬೇಕಲೇ."

ಕೆಂಪು ಸಕ್ಕರೆ ತಿಂದೆವು. ಮರುದಿನ ಬೀಗರು ಆ ತೊರೆಯ ದಂಡೆಯಲ್ಲಿ ಬರಿಗೈಯಲ್ಲಿ ನಿಂತು, ಪರಿಚಯದವರೊಡನೆ ಮಾತಾಡುವ ಹಾಗೆ ಹೇಳಿದರು: "ಸೀತವ್ವಾ, ನಿನ್ನ ಸೀರಿ ನಮ್ಮ ಸೊಸಿ ಉಟ್ಟಾಳ. ನಿಂದು ಸ್ವಲ್ಪ ತಡಾ ಆಕ್ಕೈತಿ."

ಇವತ್ತು ಮಧ್ಯಾಹ್ನ ಅದೇ ಡೇರೆಯನ್ನು ಹೆಗಲ ಮೇಲೆ ಹೊತ್ತು ರಬಕವಿಯಿಂದ ನಡೆದೇ ಬಂದರು. ಹೆಂಡತಿ ಬಸ್ಸಿನಲ್ಲಿ ಮೊದಲೇ ಬಂದು ಕುಳಿತಿದ್ದಳು. ಅಂಗಳದಲ್ಲಿ ಗೂಟ ಹೊಡೆದರು. ಬಣ್ಣವೆಲ್ಲ ಹೋಗಿ ತಿಳಿಗುಲಾಬಿಯಾದ ಸೆರಗನ್ನು ಬಾಣಂತಿ ಕೋಣೆಯ ಹೊಸ್ತಿಲ ತನಕ ಎಳೆದು ಕಟ್ಟಿದರು, ಮಗಳು ಮಂಚದ ಮೇಲಿದ್ದೂ ಡೇರೆಯ ಒಳಗೇ ಆಗುವ ಹಾಗೆ.

ಕೂಸಿಗೆ ಮೊದಲು ಹಳೆಯ ಮೆತ್ತನೆ ಅರಿವೆ ಸುತ್ತುವುದು ನಮ್ಮಲ್ಲಿ ಪದ್ಧತಿ. ಮಗಳು ಆ ಸೀರೆಯನ್ನೇ ತೆಗೆದಿಟ್ಟಿದ್ದಳು. ಉಟ್ಟು ಉಟ್ಟು ಬೆಣ್ಣೆಯಾಗಿತ್ತು. ನಾನು ಕತ್ತರಿ ತಂದೆ.

"ಅದನ್ಯಾಕ ತಂದ್ರಿ?" ಎಂದರು ಬೀಗರು.

"ಇಷ್ಟುದ್ದ ಯಾಕ್ರಿ, ಒಂದು ತುಂಡು ಸಾಕು."

"ಸೀತವ್ವಗ ತುಂಡು ಕೊಡೂದೇನ್ರಿ?"

ಕೂಸಿನ ಹೆಸರು ನಮಗೆ ಹೀಗೆ ಗೊತ್ತಾಯಿತು. ಇಡೀ ಸೀರೆಯನ್ನು ಅವರೇ ಮಡಿಕೆ ಮಡಿಕೆಯಾಗಿ ಸುತ್ತಿದರು. ಒಳಗೆ ಕೂಸನ್ನು ಹುಡುಕಬೇಕಾಯಿತು. "ತಡಾ ಆತವಾ," ಎಂದು ಆ ಗಂಟಿಗೆ ಮೆಲ್ಲಗೆ ಹೇಳಿದರು. ಆಮೇಲೆ ಯಾರ ಕೈಗೂ ಕೊಡಲಿಲ್ಲ.

ಸಂಜೆ ಎಲ್ಲರೂ ಡೇರೆಯ ಕೆಳಗೆ ಕುಳಿತೆವು. ಗೋಧಿ ಹುಗ್ಗಿ, ಬಿಸಿ ರೊಟ್ಟಿ, ಬದನೆಕಾಯಿ. ಒಳಗಿನಿಂದ ಮಗಳು ಇನ್ನಷ್ಟು ತುಪ್ಪ ಕೇಳಿದಳು. ನಮ್ಮ ಮನೆಯವರು ರೊಟ್ಟಿಯನ್ನು ತಿರುಗಿಸಿ, ಹಸಿರಿಲ್ಲವೆಂದು ನೋಡಿಕೊಂಡು ಮುರಿದರು. ಬೀಗರ ಕೈ ಎರಡೂ ತುಂಬಿದ್ದವು. ಅಳಿಯ ಪಕ್ಕಕ್ಕೆ ಸರಿದು, ಹುಗ್ಗಿಯ ತುತ್ತು ಮಾಡಿ ಅಪ್ಪನ ಬಾಯಿಗಿಟ್ಟ. ಇನ್ನೊಂದು ತಾನು ಉಂಡ.