ಎರಡು ಕಿವಿಯ ತಂಬಿಗಿ ಎತ್ತಿದವರು ಯಾರು?

ನಮ್ಮ ಮನೆಯಲ್ಲಿ ಒಂದು ಮಾತು ನೆಟ್ಟಗೆ ಹೊರಟು ನೆಟ್ಟಗೆ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಹೊಲದ ಮಾತು ಅಂತ ಶುರುವಾದದ್ದು ಒಲೆಯ ಮುಂದೆ ಬಂದು ಮುಗಿಯುತ್ತದೆ, ಒಲೆಯ ಮುಂದಿನದು ಊರ ಚಾವಡಿಗೆ ಹೋಗಿ ಕೂಡುತ್ತದೆ. ಇದೆಲ್ಲ ನನಗೆ ರೂಢಿ. ಆದರೆ ನಗಬೇಕು ಅಂತ ಸಿನೆಮಾಕ್ಕೆ ಹೋಗಿ, ಮನೆಮಗಳ ಲಗ್ನ ಮುರಿಯುವ ಹಂತಕ್ಕೆ ಬಂದದ್ದು ಮಾತ್ರ ಒಂದೇ ಸಲ.

೧. ಬೆರಳು ಎತ್ತುವ ಡಾಕ್ಟರು

ಹತ್ತಿ ಬಿಡಿಸುವ ಕೆಲಸ ಮುಗಿದು ಕೈ ಖಾಲಿ ಇದ್ದ ದಿನಗಳು. ನವಲಗುಂದದ ಹೊರಗೆ ಟೆಂಟ್ ಸಿನೆಮಾ ಬಂದಿತ್ತು. ನಮ್ಮ ಊರಿಗೆ ಕರೆಂಟು ಬಂದದ್ದು ಆಗಷ್ಟೇ, ಟಿ.ವಿ. ಅನ್ನುವ ಹೆಸರನ್ನು ಯಾರೂ ಕೇಳಿರಲಿಲ್ಲ. ಅಗದಿ ನಗಿಸುವ ಸಿನೆಮಾ, ಕ್ರಿಕೆಟ್ ಆಟದ್ದು ಅಂತ ಸುದ್ದಿ. ನಮಗೆ ಉಸಿರು ಹಿಡಿದು ಆಡುವ ಹುತೂತು ಗೊತ್ತು, ಕುಸ್ತಿ ಗೊತ್ತು. ಕ್ರಿಕೆಟ್ ಅಂದರೆ ಉಣ್ಣುವುದೋ ಉಡುವುದೋ ಗೊತ್ತಿರಲಿಲ್ಲ. ಆದರೂ ಚಕ್ಕಡಿ ಹೂಡಿಸಿದೆವು. ಮಾವ, ಅತ್ತಿ, ನಾನು, ಲಗ್ನದ ವಯಸ್ಸಿಗೆ ಬಂದಿದ್ದ ನನ್ನ ನಾದಿನಿ, ಮತ್ತೆ ಬಾಜೂ ಮನೆಯ ಚಾಚಿ. ನಮ್ಮವರು ಎತ್ತು ಕಾಯುತ್ತೇನೆ ಅಂತ ಹೊರಗೇ ಮಲಗಿಬಿಟ್ಟರು. ಮಾವನಿಗೆ ಬೇರೆ ಊರಿನ ನೀರು ಹಿಡಿಸುವುದಿಲ್ಲ. ಅದಕ್ಕೇ ಹಿತ್ತಾಳಿ ತಂಬಿಗಿಯಲ್ಲಿ ಮನೆಯ ನೀರು ತುಂಬಿಕೊಂಡು, ಎದೆಗೆ ಒತ್ತಿಕೊಂಡು ಕುಂತರು.

ಚಾಚಿ ಹುಬ್ಬಳ್ಳಿಯ ತಮ್ಮನ ಮನೆಗೆ ಹೋಗಿ ಬಂದಾಕಿ. ಅದಕ್ಕೇ ಆಕೆಗೆ ಎಲ್ಲ ಗೊತ್ತು ಅಂತ ನಮ್ಮ ನಂಬಿಗಿ. ಪರದೆಯ ಮೇಲೆ ಮೂರು ಕಟ್ಟಿಗಿ ನೆಟ್ಟರು. ಇಬ್ಬರು ಬಡಿಗಿ ಹಿಡಿದು ಬಂದು ನಿಂತರು. ಅವರ ಸುತ್ತ ಒಂದು ಹಿಂಡು ಮಂದಿ.

ಅತ್ತಿಗೆ ಸಿಟ್ಟು ಬಂತು. "ಇಬ್ಬರ ಮ್ಯಾಲೆ ಇಷ್ಟು ಮಂದಿ ಬಿದ್ದಾರಲ್ಲ, ಆ ಊರಾಗ ಹಿರೇರು ಯಾರೂ ಇಲ್ಲೇನು?"

"ಅದಾನಲ್ಲ, ಬಿಳಿ ಕೋಟು ಹಾಕ್ಕೊಂಡು ನಿಂತಾನ ನೋಡ್ರಿ," ಅಂದಳು ಚಾಚಿ. "ಅಂವ ಡಾಕ್ಟರು."

"ಡಾಕ್ಟರು ಯಾಕ?"

"ಚೆಂಡು ಬಡದ್ರ ಬೇಕಲ್ಲ."

ಅಷ್ಟರಲ್ಲಿ ಚೆಂಡು ಬಂದು ಕಟ್ಟಿಗಿ ಬಿತ್ತು. ಬಡಿಗಿಯವನೂ ಬಿದ್ದ. ಡಾಕ್ಟರು ಮುಟ್ಟಿ ಸುದ್ದಾ ನೋಡಲಿಲ್ಲ, ನಿಂತಲ್ಲೇ ಒಂದು ಬೆರಳು ಎತ್ತಿದ.

"ಅದು ಏನಂತ?" ಅಂದರು ಅತ್ತಿ.

ಚಾಚಿ ದನಿ ಸಣ್ಣದು ಮಾಡಿದಳು. "ಬೆರಳು ಮ್ಯಾಲೆ ಮಾಡಿದ್ರ ಆಸಾಮಿ ಮ್ಯಾಲೆ ಹೋದ ಅಂತ."

ಅತ್ತಿ ಸೆರಗು ಬಾಯಿಗೆ ಹಿಡಿದು ನೋಡಿದರು. ಬಿದ್ದವನು ಎದ್ದು, ತಲೆ ತಗ್ಗಿಸಿ, ಬಡಿಗಿ ಬಗಲಲ್ಲಿ ಇಟ್ಟುಕೊಂಡು ಹೊರಟ.

"ಯವ್ವಾ, ಸತ್ತಾಂವ ತಾನ ನಡಕೋತ ಹೊಂಟಾನಲ್ಲ," ಅಂದರು ಅತ್ತಿ. "ಅಷ್ಟು ಮಂದ್ಯಾಗ ಹೊರಾವ್ರು ನಾಕು ಮಂದಿ ಸಿಗಲಿಲ್ಲೇನು?"

೨. ಚಲೋದು ಯಾವುದು, ಕೆಟ್ಟದ್ದು ಯಾವುದು

ಸಿನೆಮಾ ಚಲೋ ಇತ್ತೇನು ಅಂತ ಕೇಳಿದರೆ ನಾನು ಇವತ್ತಿಗೂ ಹೌದು ಅಂತೇನೆ. ಒಂದು ಕಡೆಯ ಹಿರಿಯ ಒಬ್ಬ ಢೋಲ್ಯಾ. ಹೊಟ್ಟೆ ಮುಂದೆ, ಅವನು ಹಿಂದೆ. ಇನ್ನೊಂದು ಕಡೆಯವನು ಕಡ್ಡಿ. ಗಾಳಿ ಬಂದರೆ ಮೂರು ಕಟ್ಟಿಗಿ ಹಿಡಿದುಕೊಂಡು ನಿಲ್ಲುತ್ತಿದ್ದ. ಢೋಲ್ಯಾ ಓಡಿ ಬಂದು ತನ್ನ ಧೋತರ ತಾನೇ ತುಳಿದು ಉರುಳಿದಾಗ ಟೆಂಟಿಗೆ ಟೆಂಟೇ ಉರುಳಿತು. ಯಾವತ್ತೂ ಹಲ್ಲು ತೋರಿಸದ ನಮ್ಮ ಮಾವ ತಂಬಿಗಿಯ ನೀರು ಚೆಲ್ಲುವಷ್ಟು ನಕ್ಕರು. ಬಿದ್ದವರು ಎದ್ದು ಮೈ ಕೊಡವಿಕೊಂಡು ಮತ್ತೆ ಬೀಳುವುದನ್ನು ನೋಡುವುದರಲ್ಲಿ ಒಂದು ಸುಖ ಅದ. ಹೊಲದಾಗ ನಾವು ಬಿದ್ದರೆ ಹಂಗ ಯಾರೂ ಚಪ್ಪಾಳೆ ತಟ್ಟೂದಿಲ್ಲ.

ಕೆಟ್ಟದ್ದು ಕೇಳಿದರೆ ಅದಕ್ಕೂ ಕಡಿಮಿ ಇರಲಿಲ್ಲ. ಢೋಲ್ಯಾ ಬಿದ್ದದ್ದೇ ಬಿದ್ದದ್ದು. ಕಡೆಕಡೆಗೆ ಅತ್ತಿ, "ಇಂವಗ ಯಾರರ ಒಂದು ಕೋಲು ಕೊಡ್ರಿ" ಅಂದರು. ನಡುವೆ ಒಬ್ಬ ಆಟ ಬಿಟ್ಟು ಒಂದು ಹುಡುಗಿಯ ಜೋಡಿ ಗುಡ್ಡ ಹತ್ತಿ ಹಾಡು ಹಾಡಿ ಬಂದ. ಬರುವ ತನಕ ಉಳಿದವರು ಬಿಸಿಲಲ್ಲಿ ಏನು ಮಾಡಿದರೋ ತೋರಿಸಲಿಲ್ಲ. ಒಂದು ನಾಯಿ ಚೆಂಡು ಕಚ್ಚಿಕೊಂಡು ಕಬ್ಬಿನ ಹೊಲ ಹೊಕ್ಕಿತು, ಎಲ್ಲರೂ ಬೆನ್ನು ಹತ್ತಿದರು.

ಎಲ್ಲಕ್ಕಿಂತ ದೊಡ್ಡ ತಪ್ಪು ಅಂದರೆ, ಎರಡೂ ಕಡೆಯವರಿಗೆ ಬಿಳಿ ಅರಿವಿ ಹಾಕಿದ್ದರು. ಸಿನೆಮಾನೂ ಕಪ್ಪು ಬಿಳುಪು. ಯಾರು ಯಾರವರು ಅಂತ ಹೆತ್ತವರಿಗೂ ತಿಳಿಯುವಂತಿರಲಿಲ್ಲ. ಕಡೆಗೆ ಎಲ್ಲರೂ ಒಬ್ಬರ ಮೇಲೆ ಒಬ್ಬರು ಬಿದ್ದು ರಾಶಿಯಾದರು. ಧೂಳು ಎದ್ದಿತು. ಆ ಧೂಳಿನೊಳಗಿಂದ ಒಂದು ಕೈ ಮೇಲೆ ಬಂತು. ಕೈಯಲ್ಲಿ ಗೆದ್ದವರಿಗೆ ಕೊಡುವ ಬೆಳ್ಳಿ ತಂಬಿಗಿ, ಎರಡು ಕಿವಿ ಇದ್ದದ್ದು. ಅಷ್ಟೇ. ಮುಗೀತು. ದೀಪ ಹತ್ತಿದವು.

ಚಕ್ಕಡಿಯಲ್ಲಿ ಮಾವ ಅಂದರು, "ಕಡ್ಡಿ ಗೆದ್ದ."

ನಮ್ಮ ಮಾವನೂ ಅಗದಿ ಕಡ್ಡಿಯಂಥವರು. ನಾವು ಯಾರೂ ಎದುರು ಆಡಲಿಲ್ಲ. ಅವತ್ತೇ ಆಡಬೇಕಿತ್ತು.

೩. ಸಕ್ಕರೆ ತಾಟಿನಲ್ಲೇ ಉಳಿಯಿತು

ನಾದಿನಿಯನ್ನು ತಿರ್ಲಾಪುರದ ಮನೆಯೊಂದಕ್ಕೆ ಕೊಡುವ ಮಾತು ನಡೆದಿತ್ತು. ಹುಡುಗ ನೋಡಲು ಬಂದಾಗ ಇವಳು ಕೊಡಲು ಹೋದ ಚಾ ಅವನ ಧೋತರದ ಮೇಲೆ ಚೆಲ್ಲಿತ್ತು. ಅವನು ಧೋತರ ನೋಡಿಕೊಳ್ಳದೆ, "ವಾಸನಿ ಮ್ಯಾಲೆ ಚಾ ಚಲೋ ಆಗೇದ ಅನಸ್ತದ" ಅಂದಿದ್ದ. ಅವತ್ತಿನಿಂದ ಇವಳು ಯಾರಿಗೆ ಚಾ ಕೊಟ್ಟರೂ ಒಬ್ಬಳೇ ನಗುತ್ತಿದ್ದಳು. ಈ ಲಗ್ನ ಆಗಲಿಲ್ಲ ಅಂದರೆ ಹುಡುಗಿ ಸೊರಗಿ ಹೋಗುತ್ತಾಳೆ ಅಂತ ನನಗೆ ಗೊತ್ತಿತ್ತು.

ಮಾತುಕತಿಗೆ ಹುಡುಗನ ಅಪ್ಪ ಬಂದರು. ಜೋಡಿಗೆ, ನಡುವೆ ನಿಂತು ಸಂಬಂಧ ಕೂಡಿಸಿದ್ದ ಅಯ್ಯನವರು. ಗೋಧಿ ಹುಗ್ಗಿ ಉಂಡರು. ಎಲ್ಲ ಒಪ್ಪಿಗಿ ಆಯಿತು. ಇಬ್ಬರೂ ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿದರೆ ಮುಗೀತು, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ನಾನು ಸಕ್ಕರೆ ತಾಟು ತಂದು ನಡುವೆ ಇಟ್ಟೆ.

ಬೀಗರು ಹೊಟ್ಟೆ ಸವರಿಕೊಂಡರು. ಹೊಟ್ಟೆ ದೊಡ್ಡದಿತ್ತು. "ನಿಮ್ಮ ಹುಗ್ಗಿ ಉಂಡು ನಾನೂ ಆ ಸಿನೆಮಾದ ಢೋಲ್ಯಾನ ಹಂಗ ಆಗೇನ್ರಿ. ಆದ್ರೂ ಏನ ಅನ್ರಿ, ಕಡೀಕ ಗೆದ್ದಾಂವ ಅವನ."

ಮಾವನ ಕೈ ಸಕ್ಕರೆಯಲ್ಲೇ ನಿಂತಿತು. "ಗೆದ್ದಾಂವ ಕಡ್ಡಿ ಅಲ್ರಿ?"

"ಕೈ ನೋಡ್ಲಿಲ್ಲೇನ್ರಿ? ದಪ್ಪ ಇತ್ತು."

"ಅಂಗಿ ತೋಳು ದಪ್ಪ ಇತ್ರಿ. ಒಳಗ ಕೈ ಸಣ್ಣದಿತ್ತು."

"ಅಂಗಿ ಒಳಗ ಹೊಕ್ಕು ನೋಡಿ ಬಂದೀರೇನ?"

"ಎದುರಿನ ತಂಬಿಗಿ ಕಾಣದವ್ರಿಗೆ ನಮ್ಮ ಹುಡುಗಿ ಹೆಂಗ ಕಂಡಳ್ರಿ?"

"ಕಂಡಿಲ್ಲ ಅಂತ ತಿಳೀರಿ ಹಂಗಾರ," ಅಂತ ಬೀಗರು ಎದ್ದರು. ರುಮಾಲು ಸುತ್ತಿಕೊಂಡು ಹೊರಗೆ ಹೋದರು. ಒಳಗೆ ನಾದಿನಿಯ ಕೈಯಿಂದ ಚಾದ ಪಾತ್ರೆ ಬಿತ್ತು.

ಅಯ್ಯನವರು ಸಕ್ಕರೆ ತಾಟಿನ ಮುಂದೆ ಒಬ್ಬರೇ ಉಳಿದರು. "ಹೊಲ ಕೇಳಿದ್ದೆ, ಮನಿ ಕೇಳಿದ್ದೆ, ಕುಲ ಬೆಡಗು ಕೇಳಿದ್ದೆ," ಅಂದರು. "ಸಿನೆಮಾ ಒಂದು ಕೇಳೂದು ಬಿಟ್ಟಿದ್ದೆ ನೋಡವಾ."

೪. ಕಡೀ ಭಾಗ ನೋಡದವನು

ಖರೇ ಗೆದ್ದವರು ಯಾರು ಅಂತ ತಿಳಿದರೆ ಜಗಳ ಮುಗಿಯುತ್ತದೆ ಅಂತ ನಾನು ಕೇಳಲಿಕ್ಕೆ ಹೊರಟೆ. ಬಾವಿಯ ಹತ್ತಿರ ಒಬ್ಬಾಕೆ, "ಗುಡ್ಡ ಹತ್ತಿ ಹಾಡಿದಾಂವ ಗೆದ್ದ, ಹುಡುಗಿ ಸಿಕ್ಕಳಲ್ಲ" ಅಂದಳು. ಗಿರಣಿಯವನು, "ಮೊದಲನೇ ದಿನ ಢೋಲ್ಯಾ ಗೆದ್ದಿದ್ದ, ಮರುದಿನ ಕಡ್ಡಿ ಗೆದ್ದ" ಅಂದ. ಕೇಳುವ ಮೊದಲು ನನಗೆ ಸ್ವಲ್ಪ ತಿಳಿದಿತ್ತು. ಕೇಳಿದ ಮೇಲೆ ಅದೂ ಹೋಯಿತು.

ನವಲಗುಂದದ ಸಂತಿಗೆ ಹೋದಾಗ ಟೆಂಟಿನ ಮಷೀನು ತಿರುಗಿಸುವವನನ್ನೇ ಹಿಡಿದೆ. ದಿನಾ ತೋರಿಸುವವನಿಗೆ ಗೊತ್ತಿರದಿದ್ದರೆ ಇನ್ನಾರಿಗೆ?

"ತಮ್ಮಾ, ಕಡೀಕ ಆ ಕೈ ಯಾರದು?"

"ಯಾವ ಕೈ ಬೇ?"

"ಧೂಳಿನಾಗಿಂದ ಬರತದಲ್ಲ."

"ಧೂಳಿನಾಗಿಂದ ಕೈ ಬರತದ?" ಅವನು ಬೀಡಿ ಬಾಯಿಂದ ತೆಗೆದ. "ಕಡೀ ಭಾಗ ನಾ ಯಾವತ್ತೂ ನೋಡಿಲ್ಲಬೇ. ಮಂದಿ ಹೊರಗ ಬರೂ ಹೊತ್ತಿಗೆ ಬಾಗಲದ ತಟ್ಟು ಸರಸಾಕ ಹೋಗಿರತೇನಿ. ಯಾರು ಗೆಲ್ಲತಾರ?"

ಟೆಂಟು ಆ ವಾರ ಕೀಳುತ್ತಾರೆ ಅಂತ ಅವನೇ ಹೇಳಿದ. ನಾನು ಅಯ್ಯನವರ ಕಡೆಯಿಂದ ತಿರ್ಲಾಪುರಕ್ಕೆ ಹೇಳಿ ಕಳಿಸಿದೆ: ಕಡೀ ಆಟಕ್ಕೆ ಬರ್ರಿ, ನಮ್ಮ ಮಾವ ಇನ್ನೊಮ್ಮೆ ನೋಡಿ ಸೋತೆ ಅಂತಾರಂತ. ಮನೆಗೆ ಬಂದು ಮಾವನಿಗೆ, ಬೀಗರು ಇನ್ನೊಮ್ಮೆ ನೋಡಿ ಸೋತೆ ಅಂತಾರಂತ ಅಂದೆ.

ಮಾವ ತಂಬಿಗಿ ತಿಕ್ಕಲು ಕೊಟ್ಟರು. "ಸೋಲಾಕ ಅಷ್ಟು ದೂರ ಬರ್ತಾರಂದ್ರ ಮಂದಿ ಚಲೋನ ಅದಾರ ಅನ್ನು," ಅಂದರು.

೫. ದೀಪ ಹತ್ತಿದಾಗ

ಕತ್ತಲಾಗುತ್ತಲೇ ಆಟ ಶುರು. ಗಂಡಸರು ಹಗ್ಗದ ಆ ಕಡೆ, ನಾವು ಈ ಕಡೆ. ಮುಂದಿನ ಸಾಲಿನಲ್ಲಿ ಮಾವ, ಅವರ ಬಾಜೂ ಬಿಳಿ ಅಂಗಿಯ ಅಯ್ಯನವರು, ಅವರ ಬಾಜೂ ಬೀಗರು. ಹುಡುಗ ಹಿಂದೆ ಕುಂತಿದ್ದ. ನಾದಿನಿ ನನ್ನ ಸೆರಗು ಹಿಡಿದುಕೊಂಡಿದ್ದಳು, ಹರಿಯುತ್ತದೆ ಅಂದರೂ ಬಿಡಲಿಲ್ಲ.

ಢೋಲ್ಯಾ ಬಿದ್ದ. ಎಲ್ಲರೂ ನಕ್ಕರು, ಅವರಿಬ್ಬರು ನಗಲಿಲ್ಲ. ಬೀಗರ ಹೊಟ್ಟೆ ಕುಣಿಯುತ್ತಿತ್ತು, ಮುಖ ಗಟ್ಟಿ ಇತ್ತು. ಮಾವ ನಗು ಬಂದಾಗಲೆಲ್ಲ ನೀರು ಕುಡಿದರು. ಡಾಕ್ಟರು ಬೆರಳು ಎತ್ತಿದಾಗ ಅತ್ತಿ ಕೈ ಮುಗಿದರು.

ಕಡೆಯ ರಾಶಿ ಬಿತ್ತು. ಧೂಳು ಎದ್ದಿತು. ಈಗ ಕೈ ಬರಬೇಕು. ಅಷ್ಟರಲ್ಲಿ, ಹತ್ತಿರದಿಂದ ನೋಡಬೇಕಂತ ಮಾವ ಎದ್ದು ನಿಂತರು. ಅವರು ಎದ್ದರಂತ ಬೀಗರೂ ಎದ್ದರು. ಪರದೆಯ ಮೇಲೆ ಎರಡು ರುಮಾಲಿನ ನೆರಳು ಬಿಟ್ಟರೆ ಏನೂ ಕಾಣದಂತಾಯಿತು.

"ಕುಂದರ್ರಲೇ ಮುಂದಿನವ್ರು," ಅಂತ ಹಿಂದಿನವರು ಒದರಿದರು.

"ನೀವ್ ಮೊದಲ ಕುಂದರ್ರಿ," ಅಂದರು ಮಾವ.

"ನೀವ್ ಎದ್ದೀರಿ, ನೀವ ಕುಂದರ್ರಿ," ಅಂದರು ಬೀಗರು.

ಅಯ್ಯನವರು ನಡುವೆ ಕುಂತಲ್ಲಿಂದಲೇ ಎರಡೂ ಧೋತರ ಹಿಡಿದು ಜಗ್ಗಿದರು. ಬೀಗರು ಜೋಲಿ ತಪ್ಪಿ ಮಾವನನ್ನು ಹಿಡಿದರು, ಮಾವ ಅಯ್ಯನವರ ಮೇಲೆ ಬಿದ್ದರು, ಬೀಗರು ಇಬ್ಬರ ಮೇಲೂ ಬಿದ್ದರು. ಎರಿ ಮಣ್ಣಿನ ಧೂಳು ಟೆಂಟಿನ ತುಂಬ ಎದ್ದಿತು. ಆ ಧೂಳಿನೊಳಗಿಂದ ಒಂದು ಕೈ ಮೇಲೆ ಬಂತು. ಕೈಯಲ್ಲಿ ಮಾವನ ಹಿತ್ತಾಳಿ ತಂಬಿಗಿ.

ಇಡೀ ಟೆಂಟು ಚಪ್ಪಾಳೆ ತಟ್ಟಿತು. ಪರದೆಯ ಮೇಲಿನ ಕೈಯನ್ನು ಯಾರೂ ನೋಡಲಿಲ್ಲ. ದೀಪ ಹತ್ತಿದವು.

"ತಂಬಿಗಿ ನಂದು, ಕೈ ನಂದು," ಅಂದರು ಮಾವ, ನಡುವಿನಿಂದ.

"ಕೈ ದಪ್ಪ ಅದ, ನಂದು," ಅಂದರು ಬೀಗರು, ಮೇಲಿನಿಂದ.

"ಕೈ ನಂದ್ರೆಪಾ," ಅಂತ ಅಗದಿ ಕೆಳಗಿನಿಂದ ಅಯ್ಯನವರ ದನಿ ಬಂತು. "ನೀರು ಚೆಲ್ಲತದಂತ ಎತ್ತಿ ಹಿಡದೇನಿ. ಯಾರರ ತಗೋರಿ, ಇಲ್ಲಾ ಇಬ್ಬರೂ ಏಳ್ರಿ."

ಇಬ್ಬರೂ ಎದ್ದು, ಮಣ್ಣು ಮೆತ್ತಿದ ಆ ಬಿಳಿ ಅಂಗಿಯನ್ನು ಒಂದು ಸಲ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ಬೀಗರ," ಅಂದರು ಮಾವ, "ಸಿನೆಮಾದಾಗೂ ಡಾಕ್ಟರ ಕೈ ಇರಬೇಕ್ರಿ ಅದು."

"ನನಗೂ ಹಂಗ ಅನಸ್ತದ್ರಿ. ನಡುವ ನಿಂತಾಂವ ಅವನ ಅಲ್ಲೇನು?" ಬೀಗರು ಮಾವನ ಬೆನ್ನಿನ ಧೂಳು ಬಡಿದರು. ಹೊಟ್ಟೆಯಲ್ಲಿ ಕಟ್ಟಿದ್ದ ನಗುವೆಲ್ಲ ಆಗ ಹೊರಗೆ ಬಂತು. "ಇಷ್ಟು ಮಂದಿ ಮುಂದ ಒಬ್ಬರ ಮ್ಯಾಲೊಬ್ಬರು ಬಿದ್ದೇವಿ. ಇನ್ನ ಬೀಗರಲ್ಲಾ ಅಂದ್ರ ಮಂದಿ ಏನ ತಿಳಕೊಂಡಾರು?"

ಸಕ್ಕರೆ ಎಲ್ಲಿಂದ ತರಬೇಕು? ಹೊರಗೆ ಶೇಂಗಾ ಮಾರುವವನ ಹತ್ತಿರ ಬೆಲ್ಲದ ಚಿಕ್ಕಿ ಇತ್ತು. ಅದನ್ನೇ ಒಬ್ಬರ ಬಾಯಿಗೆ ಒಬ್ಬರು ಹಾಕಿದರು. ಚಿಕ್ಕಿ ಹಲ್ಲಿಗೆ ಅಂಟಿ ಇಬ್ಬರಿಗೂ ಮಾತಾಡಲಿಕ್ಕೆ ಬರಲಿಲ್ಲ. ಅದೂ ಚಲೋನೇ ಆಯಿತು. ನಾದಿನಿ ನನ್ನ ಸೆರಗು ಬಿಟ್ಟಳು.

ನಮ್ಮದೊಂದು, ಬೀಗರದೊಂದು ಚಕ್ಕಡಿ ಹೂಡಿ ನಿಂತಿದ್ದವು. ಅತ್ತಿ ಚಕ್ಕಡಿ ಹತ್ತಿ ಕುಂತು, ಎಲ್ಲರಿಗೂ ಕೇಳುವಂತೆ ಅಂದರು, "ಎಲ್ಲಾ ಖರೆ. ಆ ನಾಯಿ ಚೆಂಡು ಕಚಗೊಂಡು ಹೋತಲ್ಲ, ಹೊಳ್ಳಿ ಕೊಟ್ಟದ್ದು ಯಾರರ ನೋಡೀರೇನು?"

ಮಾವನ ಬಾಯಲ್ಲಿ ಚಿಕ್ಕಿ ನಿಂತಿತು. ಆ ಕಡೆಯ ಚಕ್ಕಡಿಯಿಂದ ಬೀಗರು ಒಂದು ಕಾಲು ಕೆಳಗೆ ಇಟ್ಟರು. "ಹೌದಲ್ರಿ. ಚೆಂಡ ಇರದ ಹೆಂಗ ಗೆದ್ದ್ರು? ನಾಯಿ ಯಾರ ಕಡೀದು?"

"ಕಡ್ಡೀದು," ಅಂದರು ಮಾವ.

"ಢೋಲ್ಯಾಂದು," ಅಂದರು ಬೀಗರು.

ಅಯ್ಯನವರು ಬೀಗರ ಚಕ್ಕಡಿಯಲ್ಲಿ ತಲೆ ತುಂಬ ಚಾದರ ಹೊದ್ದುಕೊಂಡರು. ನಾನು ನಮ್ಮವರನ್ನು ತಿವಿದು ಎತ್ತು ಹೊಡೆಸಿದೆ. ದಾರಿಗೆ ಬಿದ್ದ ಮೇಲೆ ಅತ್ತಿಯ ಕೈ ಹಿಡಿದೆ.

"ಅತ್ತೀ, ನಿಮ್ಮ ಕಾಲಿಗೆ ಬೀಳತೇನಿ. ಲಗ್ನದ ಅಕ್ಕಿಕಾಳು ಬೀಳೂತನಕ ಆ ನಾಯಿ ಹೆಸರು ತಗೀಬ್ಯಾಡ್ರಿ."

"ನಾ ಯಾಕ ತಗೀಲವಾ," ಅಂದರು ಅತ್ತಿ. "ಆದ್ರ ಲಗ್ನದ ಊಟ ಅಂದ ಮ್ಯಾಲೆ ಒಂದು ನಾಯಿ ಬರದ ಇರತದೇನು?"