ನನ್ನ ಗೋಡೆಯ ಮೇಲಿನ ಅಪರೂಪದ ಹಕ್ಕಿ

ನಮ್ಮ ಮನೆಯಲ್ಲಿ ನನ್ನ ಕುರ್ಚಿಗೆ ಎದುರಾಗಿ ಒಂದು ಗೋಡೆ ಇದೆ. ಹೆಸರಿಗೆ ಅದು ನನ್ನ ಗೋಡೆ. ಬಣ್ಣ ಬಳಿದವನು ನಾನು, ಮೊಳೆ ಹೊಡೆದವನೂ ನಾನೇ (ಒಂದೇಟು ಹೆಬ್ಬೆರಳಿಗೂ ಬಿತ್ತು, ಆ ಮಾತು ಈಗ ಬೇಡ). ಆದರೆ ಆ ಮೊಳೆಗೆ ನೇತುಬಿದ್ದಿರುವುದು ನನ್ನ ಭಾವಮೈದುನ ತೆಗೆದ ಕೊಕ್ಕರೆಯ ಫೋಟೊ. ಹೋದ ವರ್ಷ ಶರತ್ಕಾಲದಲ್ಲಿ ನಮ್ಮ ಹೊಳೆಗೆ ದಾರಿ ತಪ್ಪಿ ಬಂದ ಯಾವುದೋ ಅಪರೂಪದ ಕರಿ ಕೊಕ್ಕರೆಯನ್ನು ಕಂಡವನು ಇವನೊಬ್ಬನೇ ಅಂತೆ. ಅಂದಿನಿಂದ ಹಕ್ಕಿ ನೋಡುವವರ ಸಂಘಕ್ಕೆ ಅವನೇ ಕಾರ್ಯದರ್ಶಿ, ನನ್ನ ಹೆಂಡತಿಗೆ ಅವನೇ ಆದರ್ಶಪುರುಷ.

"ನನ್ನ ತಮ್ಮನ್ನ ನೋಡಿ ಕಲೀರಿ. ಬೆಳಕು ಹರಿಯೋದ್ರೊಳಗೆ ಹೊಳೆ ದಡದಲ್ಲಿರ್ತಾನೆ. ನೀವು ಆ ಹೊತ್ತಿಗೆ ಮಗ್ಗುಲು ಬದಲಾಯಿಸ್ತಿರ್ತೀರ."

ಊಟಕ್ಕೆ ಕೂತರೆ ಕೊಕ್ಕರೆ ನನ್ನ ತಟ್ಟೆಯನ್ನೇ ನೋಡುತ್ತದೆ. ಪೇಪರ್ ಕೆಳಗಿಳಿಸಿದರೆ ಮತ್ತೆ ಕೊಕ್ಕರೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ಲ ಕಣೇ, ಇದು ಇಳಿಯೋದು ಯಾವಾಗ?"

"ನೀವೂ ಒಂದು ಅಪರೂಪದ ಹಕ್ಕಿ ಕಂಡುಹಿಡೀರಿ. ಸಂಘದೋರು ಒಪ್ಪಲಿ. ಅವತ್ತೇ ಇದನ್ನ ಇಳಿಸಿ ನಿಮ್ಮದನ್ನ ಹಾಕ್ತೀನಿ. ಸರೀನಾ?"

ಮೇಜು ಗುದ್ದಿ ಭೀಷ್ಮಪ್ರತಿಜ್ಞೆ ಮಾಡಿದೆ. (ನೀರಿನ ಲೋಟ ಉರುಳಿತು. ಒರೆಸಿದವನೂ ನಾನೇ.)

ನನ್ನ ಕಸುಬನ್ನೂ ಹೇಳಿಬಿಡುತ್ತೇನೆ. ನಾನು ಬಟ್ಟೆಗಳಿಗೆ ಬಣ್ಣ ಹಾಕುವವನು. ಮನೆಯ ಮುಂದೆ ಅಂಗಡಿ, ಹಿತ್ತಲಲ್ಲಿ ಬಣ್ಣದ ತೊಟ್ಟಿ, ಅದರಾಚೆ ಹೊಳೆ. ಯಾವ ಬಣ್ಣ ತೋರಿಸಿದರೂ ಅದರಲ್ಲಿ ಏನೇನು ಬೆರೆತಿದೆ ಎಂದು ನೋಡಿದ ಕೂಡಲೇ ಹೇಳಬಲ್ಲೆ. ಬೆರೆಸುವಾಗ ಮಾತ್ರ ಕೆಲವು ಸಲ ಕೈತಪ್ಪುತ್ತದೆ. ಆ ವಾರವೇ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಪರದೆಗಳಿಗೆ ತಿಳಿ ಗುಲಾಬಿ ಬಣ್ಣ ಕೇಳಿದ್ದರು. ಆದದ್ದು ನೋಡಿದವರ ಹಲ್ಲು ಜುಮ್ಮೆನ್ನುವಂಥ ಗುಲಾಬಿ. ಒಣಹಾಕಿದ್ದ ನನ್ನ ಬನೀನೂ ಹಗ್ಗದಿಂದ ಜಾರಿ ಅದೇ ತೊಟ್ಟಿಗೆ ಬಿತ್ತು. ಒಳಗೆ ಹಾಕುವುದು ತಾನೇ, ಯಾರು ನೋಡುತ್ತಾರೆ ಎಂದು ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೆ.

ಗುಜರಿಯಿಂದ ಒಂದು ದುರ್ಬೀನು ತಂದೆ. ಒಂದು ಕಡೆಯ ಗಾಜು ಬಿರುಕು ಬಿಟ್ಟಿತ್ತು, ಇನ್ನೊಂದು ಕಡೆ ಎಲ್ಲವೂ ಮಂಜುಮಂಜು. ಮೊದಲ ದಿನ ಹೊರಡುವಾಗಲೇ ಹೆಂಡತಿ ಕೂಗಿದಳು.

"ರೀ, ತೊಟ್ಟಿ ಮುಚ್ಚಿ ಹೋಗ್ರೀ!"

"ಬಂದು ಮುಚ್ತೀನಿ. ತೊಟ್ಟಿ ಕಾಯುತ್ತೆ, ಹಕ್ಕಿ ಕಾಯುತ್ತಾ?"

ನನ್ನ ತಪಸ್ಸನ್ನು ಏನೆಂದು ವರ್ಣಿಸಲಿ! ಮೊಣಕಾಲುದ್ದ ಕೆಸರಿನಲ್ಲಿ ಕೂತೆ. ತಲೆಗೆ ಒಣ ಎಲೆಗಳನ್ನು ಸಿಕ್ಕಿಸಿಕೊಂಡೆ. ಸೊಳ್ಳೆಗಳಿಗೆ ಅನ್ನದಾತನಾದೆ. ಕಂಡದ್ದೆಲ್ಲ ಕಾಗೆ, ಮತ್ತೆ ತೇಲಿಬಂದ ಒಂದು ಚಪ್ಪಲಿ (ಅದನ್ನು ಮುಳುಗುಹಕ್ಕಿ ಎಂದುಕೊಂಡು ಬಹಳ ಹೊತ್ತು ಉಸಿರು ಬಿಗಿಹಿಡಿದಿದ್ದೆ). ಆದರೂ ಸೋಲಲಿಲ್ಲ. ಗೋಡೆಯೋ, ಮಡಿಯುವೆನೋ ಎಂದು ಹಟ ಹಿಡಿದು ಕೂತೆ.

ಕೊನೆಗೊಂದು ಮುಂಜಾನೆ ಜೊಂಡಿನ ಮರೆಯಲ್ಲಿ ಅದು ಕಂಡಿತು. ದುಂಡಗಿನ ಹಕ್ಕಿ, ಮೈಯೆಲ್ಲ ಗುಲಾಬಿ! ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿ ನೀರಿನ ಮೇಲೆ ನಿದ್ದೆ ಮಾಡುತ್ತಿತ್ತು. ಕೂಡಲೇ ಭಾವಮೈದುನನಿಗೆ ಫೋನ್ ಮಾಡಿದೆ.

"ಕತ್ತು ಎಷ್ಟುದ್ದ ಇದೆ ಭಾವ?"

"ಮಡಚಿಟ್ಟಿದೆ ಕಣೋ."

"ಕೊಕ್ಕು?"

"ರೆಕ್ಕೆಯೊಳಗಿದೆ."

"ಕಾಲು?"

"ನೀರಿನೊಳಗಿದೆ."

"ಮತ್ತೆ ಹೊರಗೇನಿದೆ?"

"ಬಣ್ಣ ಇದೆಯಪ್ಪಾ, ಬಣ್ಣ! ಎಲ್ರನ್ನೂ ಕರ್ಕೊಂಡು ಬಾ!"

ಇಡೀ ಸಂಘ ದಡಬಡಿಸಿ ಬಂತು. ಹಕ್ಕಿ ಇನ್ನೂ ನಿದ್ದೆಯಲ್ಲೇ ಇತ್ತು. ಎಲ್ಲರೂ ದುರ್ಬೀನು ಹಚ್ಚಿ ಬೆರಗಾಗಿ ನಿಂತರು. ನಾನು ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡಿದೆ.

"ಮಹನೀಯರೇ, ಬಣ್ಣ ನಮ್ಮ ಮನೆತನದ ಕಸುಬು. ಆ ಅನುಭವದಿಂದ ಹೇಳ್ತಿದೀನಿ. ಈ ಗುಲಾಬಿಯನ್ನ ಬೆರೆಸೋದು ಮನುಷ್ಯಮಾತ್ರದವರಿಂದ ಆಗೋ ಕೆಲಸ ಅಲ್ಲ. ಇದು ಪ್ರಕೃತಿಯ ಕೈವಾಡ!"

ಚಪ್ಪಾಳೆ ಬಿತ್ತು. ಗೋಡೆ ನನ್ನದಾಯಿತು ಎಂದು ಮನಸ್ಸು ಕುಣಿಯಿತು. ಅಷ್ಟರಲ್ಲಿ ನನ್ನ ಹೆಂಡತಿ ಎಲ್ಲರಿಗೂ ಚಹಾ, ಬನ್ನು ಹಿಡಿದುಕೊಂಡು ಬಂದಳು. ಬನ್ನಿನ ಕಾಗದ ಸರಸರ ಎಂದದ್ದೇ ತಡ, ಹಕ್ಕಿಯ ತಲೆ ಹೊರಗೆ ಬಂತು. "ಕ್ವಾಕ್" ಎಂದಿತು. ಈಜಿಕೊಂಡು ದಡಕ್ಕೆ ಬಂದು, ಸೊಂಟ ಕುಣಿಸುತ್ತಾ ನೇರವಾಗಿ ಅವಳ ಕಾಲ ಬಳಿ ನಿಂತಿತು.

"ಅಯ್ಯೋ, ಇದು ಬೇಕರಿ ಅಜ್ಜಿಯ ಬಿಳೀ ಬಾತುಕೋಳಿ! ದಿನಾ ನಮ್ಮ ಹಿತ್ತಲಿಗೆ ಬರುತ್ತಲ್ಲ!"

"ಬಿಳೀದಾದ್ರೆ ಈ ಬಣ್ಣ ಎಲ್ಲಿಂದ ಬಂತು?" ನಾನು ಜಗ್ಗಲಿಲ್ಲ. "ಬಾತಿನಲ್ಲೇ ಇದು ಅಪರೂಪದ ತಳಿ!"

ಅವಳು ಬಾತುಕೋಳಿಯನ್ನು ನೋಡಿದಳು. ನನ್ನನ್ನು ನೋಡಿದಳು.

"ರೀ, ಅಂಗಿ ಗುಂಡಿ ಬಿಚ್ಚಿ."

"ಇಷ್ಟು ಜನರೆದುರು?"

"ಬಿಚ್ಚಿ ಅಂದೆ."

ಆ ದನಿಗೆ ಎದುರಾಡಿದ ಚರಿತ್ರೆ ನಮ್ಮ ಮನೆಯಲ್ಲಿಲ್ಲ. ಬಿಚ್ಚಿದೆ. ಎಲ್ಲರ ದುರ್ಬೀನುಗಳೂ ಬಾತುಕೋಳಿಯಿಂದ ನನ್ನ ಬನೀನಿಗೆ, ಬನೀನಿನಿಂದ ಬಾತುಕೋಳಿಗೆ ಓಡಾಡಿದವು. ಒಂದೇ ಬಣ್ಣ! ನನ್ನನ್ನು ಆ ಹೊಳೆಯೇ ನುಂಗಬಾರದೇ ಅನ್ನಿಸಿತು.

"ತೊಟ್ಟಿ ಮುಚ್ಚಿ ಹೋಗಿ ಅಂತ ಬಡ್ಕೊಂಡೆ," ಎಂದಳು ಹೆಂಡತಿ. "ಪಾಪ, ಸ್ನಾನಕ್ಕೆ ಇಳಿದಿದೆ."

ಭಾವಮೈದುನ ಮಾತ್ರ ಕ್ಯಾಮರಾ ಎತ್ತಿದ್ದ. "ಭಾವ, ಹಾಗೇ ಇರಿ. ಬೆಳಕು ಚೆನ್ನಾಗಿದೆ."

ಡಾಕ್ಟರ ಪರದೆಗಳು ಮೊದಲ ಒಗೆತಕ್ಕೇ ಬಿಳಿಚಿಕೊಂಡವು. ಬಾತುಕೋಳಿಯ ಬಣ್ಣ ಮಾತ್ರ ಇವತ್ತಿಗೂ ಹೋಗಿಲ್ಲ.

ನನ್ನ ಹೆಂಡತಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಇಂಥದ್ದನ್ನು ಈ ಹೊಳೆಯಲ್ಲಿ ಹಿಂದೆ ಯಾರೂ ಕಂಡಿಲ್ಲ ಎಂದು ಆ ಫೋಟೊ ನೋಡಿದ ಸಂಘದವರು ಒಮ್ಮತದಿಂದ ಒಪ್ಪಿದರು! ಕೊಕ್ಕರೆ ಇಳಿಯಿತು. ಅದಕ್ಕಿಂತ ದೊಡ್ಡ ಫೋಟೊ ಬಂತು. ಭಾರ ತಡೆಯಲೆಂದು ದಪ್ಪ ಮೊಳೆಯನ್ನು ನಾನೇ ಹೊಡೆದೆ. ಫೋಟೊದಲ್ಲಿ ಬಲಗಡೆ ಬನ್ನು ತಿನ್ನುತ್ತಿರುವ ಗುಲಾಬಿ ಬಾತುಕೋಳಿ. ಎಡಗಡೆ ತಲೆಗೆ ಒಣ ಎಲೆ ಸಿಕ್ಕಿಸಿಕೊಂಡು, ಅಂಗಿ ಬಿಚ್ಚಿ, ಬಾಯಿ ತೆರೆದು ನಿಂತಿರುವ ನಾನು.

ಮನೆಗೆ ಬಂದವರೆಲ್ಲ ಕೇಳುತ್ತಾರೆ, "ಇದರಲ್ಲಿ ಅಪರೂಪದ ಹಕ್ಕಿ ಯಾವುದು?"

ನನ್ನ ಹೆಂಡತಿ ಎಡಗಡೆಗೆ ಬೆರಳು ತೋರಿಸುತ್ತಾಳೆ.