ಬಸಮ್ಮನ ಬಣ್ಣ ತೆಗೆದದ್ದು

ನಲವತ್ತೈದು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿದೇ ಹಿಡಿಯುತ್ತದೆ ಎಂದು ನನ್ನ ಹೆಂಡತಿ ಗಿರಿಜಾ ನಂಬಿದ್ದಾಳೆ. ಅವಳ ಅಣ್ಣನಿಗೆ ಪಾರಿವಾಳದ ಹುಚ್ಚು. ಪಕ್ಕದ ಮನೆಯವರಿಗೆ ಮುಂಜಾನೆ ಎದ್ದು ಹಾಗಲಕಾಯಿ ರಸ ಕುಡಿಯುವ ಹುಚ್ಚು. ಅದು ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ, ಓಣಿಯವರಿಗೆಲ್ಲ ಕುಡಿಸುವ ಹುಚ್ಚೂ ಜೊತೆಗಿದೆ. ಸಿಂಧನೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ತಣ್ಣಗಿದ್ದ ನನಗೆ ಹಿಡಿದದ್ದು ಕ್ಯಾಮೆರಾ. ಮದುವೆ, ಸೀಮಂತ ತೆಗೆಯುವ ಕ್ಯಾಮೆರಾ ಅಲ್ಲ. ಜನರ ನಿತ್ಯಜೀವನವನ್ನು ಇದ್ದದ್ದು ಇದ್ದಹಾಗೆ, ಸಹಜವಾಗಿ ತೆಗೆಯುವ ಹುಚ್ಚು. ವಾರ್ಷಿಕೋತ್ಸವಕ್ಕೆ ಒಂದು ಛಾಯಾಚಿತ್ರ ಪ್ರದರ್ಶನ ಮಾಡುತ್ತೇನೆಂದು ಪ್ರಿನ್ಸಿಪಾಲರಿಗೆ ಮಾತೂ ಕೊಟ್ಟುಬಿಟ್ಟೆ. ಅವರು ಕೇಳಿರಲಿಲ್ಲ.

ನಮ್ಮ ಕಡೆ ಸಹಜ ಎಂಬುದು ಕ್ಯಾಮೆರಾ ಕಾಣುವತನಕ ಮಾತ್ರ ಇರುತ್ತದೆ ಎಂದು ಆಮೇಲೆ ತಿಳಿಯಿತು. ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಒಬ್ಬರು ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕಣ್ಣುಮುಚ್ಚಿ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಗುರಿ ಇಟ್ಟದ್ದೇ ತಡ, "ತಡೀರಿ ತಡೀರಿ, ಪೂರಾ ಆಗ್ಲಿ" ಎಂದರು. ಪೂರಾ ಆಗಿ, ಪೌಡರ್ ಬಳಿದು, ತಲೆ ಬಾಚಿ, ಗೋಡೆಗೆ ಬೆನ್ನು ಹಚ್ಚಿ ನಿಂತು "ಹ್ಞಾಂ, ಈಗ ತಗೀರಿ" ಅನ್ನುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಗೊರೇಬಾಳದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು "ಇವತ್ತ ಬ್ಯಾಡ್ರಿ ಸರ್ರ, ನಾಳಿ ಬರ್ರಿ, ಛಲೋ ಸೀರಿ ಉಟ್ಕೊಂಡು ಬರ್ತೀವಿ" ಎಂದು ಕೆಸರಿನಲ್ಲೇ ನಿಂತು ನಕ್ಕರು. ಲಿಂಗಸುಗೂರಿನ ತಾಲ್ಲೂಕು ಕಚೇರಿಯ ಎದುರು ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರಂತೂ ನನ್ನನ್ನು ಕಂಡವರೇ ಕಪ್ಪು ಕೆಳಗಿಟ್ಟು, ಅಂಗಿಯ ಜೇಬಿನಿಂದ ಆಧಾರ್ ಕಾರ್ಡು ತೆಗೆದು, ಗದ್ದದ ಕೆಳಗೆ ಹಿಡಿದು ನೆಟ್ಟಗೆ ನಿಂತರು.

"ಯಾವ ಸ್ಕೀಮಿಂದ್ರೀ ಸಾಹೇಬ್ರ?"

"ಸ್ಕೀಮ್ ಅಲ್ಲ ಯಜಮಾನ್ರ, ಇದು ಕಲೆ."

"ಅದು ಯಾವ ಇಲಾಖಿಗೆ ಬರ್ತದ್ರೀ?"

ತೆಗೆದ ಚಿತ್ರಗಳನ್ನೆಲ್ಲ ನೋಡಿದ ಗಿರಿಜಾ "ಇದೇನ್ರೀ, ಊರ ಮಂದಿಯೆಲ್ಲಾ ಪಾಸ್‌ಪೋರ್ಟ್ ಮಾಡ್ಸಾಕತ್ತಾರೇನು?" ಎಂದು ಕೇಳಿದಳು. ಕೊನೆಗೆ ಅವಳು ರೊಟ್ಟಿ ಬಡಿಯುವುದನ್ನೇ ತೆಗೆಯಲು ಹೊರಟೆ. ಎಡಗಣ್ಣು ಮುಚ್ಚಿ, ನಾಲಿಗೆ ಕಚ್ಚಿ, ಮೊಣಕಾಲೂರಿ ನಾನು ಕೂತಿದ್ದಾಗ ಹಿಟ್ಟಿನ ಕೈಯಲ್ಲೇ ಮೊಬೈಲೆತ್ತಿ ನನ್ನದೇ ಒಂದು ಫೋಟೋ ಹೊಡೆದಳು. "ಸಹಜ ಸಹಜ ಅಂತೀರಲ್ಲ, ನೋಡ್ರಿ." ನೋಡಿದೆ. ಅಳಿಸಿಬಿಡು ಎಂದೆ. "ಹ್ಞೂಂ" ಎಂದಳು. ಅವಳು ಅಷ್ಟು ಬೇಗ ಹ್ಞೂಂ ಎಂದಾಗ ನಾನು ಹೆದರಬೇಕಿತ್ತು.

ಉಳಿದವಳು ಬಸಮ್ಮ. ಕಾಲೇಜು ಗೇಟಿನ ಎದುರು ಅವಳ ಮಿರ್ಚಿಯಂಗಡಿ. ಸಂಜೆ ಅಲ್ಲಿ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿನ್ನದೆ ನನ್ನ ದಿನ ಮುಗಿದದ್ದಿಲ್ಲ. ಅವಳ ಮಗಳು ಶಾಂತಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ದಢೇಸುಗೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಆ ಸಲಿಗೆಗೆ ನನಗೆ ಕೇಳದೆಯೇ ಮೂರನೆಯ ಮಿರ್ಚಿಯೂ ಬೀಳುತ್ತಿತ್ತು, "ತಗೋರಿ ಸರ್ರ" ಎಂಬ ಮಾತಿನ ಜೊತೆ. ಒಂದು ಸಂಜೆ ಝೆರಾಕ್ಸ್ ಅಂಗಡಿಯ ಬೋರ್ಡಿನ ಹಿಂದೆ ಅಡಗಿ ನಿಂತೆ. ಬಾಣಲೆಯ ಹೊಗೆಯ ನಡುವೆ ಅವಳು ಮಿರ್ಚಿ ಎತ್ತುವ ಝಾರಿ ಹಿಡಿದು, ಮುಖ ಮೇಲೆತ್ತಿ ಎಲ್ಲೋ ದೂರ ನೋಡಿದಳು. ಒತ್ತಿದೆ. ಮನೆಗೆ ಬಂದು ನೋಡಿದರೆ ನಿಜಕ್ಕೂ ಮೈ ಜುಮ್ಮೆಂದಿತು. ಬಣ್ಣ ಮಾತ್ರ ಎಲ್ಲ ಅರಿಶಿನ ಕಲಸಿದಂತೆ ಬಂದಿತ್ತು. ಕ್ಯಾಮೆರಾದ ಯಾವ ಗುಂಡಿ ಒತ್ತಿದರೆ ಅದು ಸರಿಹೋಗುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ. ಬಣ್ಣವನ್ನೇ ತೆಗೆದು ಕಪ್ಪುಬಿಳುಪು ಮಾಡಿದೆ. ಗೊತ್ತಿಲ್ಲದ್ದನ್ನು ಮುಚ್ಚಿಡಲು ಕಲೆಯಂಥ ಅನುಕೂಲ ಇನ್ನೊಂದಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ಕೆಳಗೆ 'ಅನಂತದೆಡೆಗೆ: ಬಸಮ್ಮ' ಎಂದು ನನ್ನ ಚಂದದ ಕೈಬರಹದಲ್ಲಿ ಬರೆದೆ.

ಪ್ರದರ್ಶನದ ದಿನ ಬೆಳಗಿನ ಬೆಳಕು ಬೇಕೆಂದು ನಾನು ಕಾಲುವೆಯ ಕಡೆ ಹೋಗಿದ್ದೆ. ಕಾಲೇಜಿಗೆ ಬರುವಾಗ ಹತ್ತು ದಾಟಿತ್ತು. ಹಾಲ್‌ನಲ್ಲಿ ಗದ್ದಲವೇ ಇಲ್ಲ. ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟಿದ್ದರು. ಕಲೆಗೆ ಇಂಥ ಗೌರವ ಸಿಂಧನೂರಿನಲ್ಲಿ ಎಂದು ನನ್ನ ಎದೆಯುಬ್ಬಿತು. ಒಳಗೆ ಹೋದರೆ ಊದುಬತ್ತಿಯ ವಾಸನೆ. ಪಾಸ್‌ಪೋರ್ಟಿನಂಥವನ್ನೆಲ್ಲ ಕೈಬಿಟ್ಟಿದ್ದರಿಂದ ಎಮ್ಮೆಯ ಬೆನ್ನು, ಬಸ್ಸಿನ ಬೆನ್ನು, ಟ್ರ್ಯಾಕ್ಟರಿನ ಬೆನ್ನು ಹೀಗೆ ನಾನು ತಡವಾಗಿ ಒತ್ತಿದ ಚಿತ್ರಗಳ ಸಾಲಿನಲ್ಲಿ ಮುಖ ಇದ್ದದ್ದು ಒಂದೇ. ಅದಕ್ಕೆ ಚೆಂಡುಹೂವಿನ ಹಾರ ಬಿದ್ದಿತ್ತು. ಪ್ರಿನ್ಸಿಪಾಲರು ಕೈಕಟ್ಟಿ ನಿಂತು, "ಯಾವಾಗ ಆತ್ರೀ? ನಿನ್ನಿ ಸಂಜೀಕ ಮಿರ್ಚಿ ಕಟ್ಟಿ ಕೊಟ್ಟಿದ್ಲಲ್ಲ" ಎಂದು ಮೆಲ್ಲಗೆ ಕೇಳಿದರು. ಹಾರ ಹಾಕಿದವನು ನಮ್ಮ ಅಟೆಂಡರ್ ಯಂಕಪ್ಪ.

"ಕರಿ-ಬಿಳಿ ಫೋಟೋ. ಗಾಜಿನ ಕಟ್ಟು. ಕೆಳಗ ಅನಂತದೆಡೆಗೆ ಅಂತ ನೀವ ಬರದೀರಿ. ನಾ ಏನ್ ತಿಳ್ಕೋಬೇಕ್ರೀ ಸರ್ರ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಅಷ್ಟರಲ್ಲಿ ಅರ್ಧ ಕಾಲೇಜು ಮೊಬೈಲ್ ಸ್ಟೇಟಸ್‌ನಲ್ಲಿ 'ಓಂ ಶಾಂತಿ ಮಿರ್ಚಿ ಬಸಮ್ಮಕ್ಕ' ಎಂದು ಹಾಕಿಯಾಗಿತ್ತು. ಅದನ್ನು ದಢೇಸುಗೂರಿನಲ್ಲಿ ಶಾಂತಾ ನೋಡಿದ್ದಳು. ತಾಯಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಬಸಮ್ಮ ಕಡಲೆಹಿಟ್ಟು ಕಲಸುವಾಗ ಯಾರ ಫೋನೂ ಎತ್ತುವುದಿಲ್ಲ. ಹುಡುಗಿ ಆಟೋ ಮಾಡಿಕೊಂಡು ದಾರಿಯುದ್ದಕ್ಕೂ ಅಳುತ್ತ ಬಂದು, ಅಂಗಡಿಯಲ್ಲಿ ತಾಯಿಯನ್ನು ಕಂಡು ಅಲ್ಲೇ ಕುಸಿದು ಕೂತಳಂತೆ. "ನಾ ಸತ್ರ ಹಿಟ್ಟು ಯಾರು ಕಲಸ್ಬೇಕವ್ವ?" ಎಂದು ಬಸಮ್ಮ ಅವಳನ್ನು ಎಬ್ಬಿಸಿ, ಅದೇ ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿ, ಝಾರಿ ಹಿಡಿದುಕೊಂಡೇ ಕಾಲೇಜಿಗೆ ಬಂದಳು. ಹಿಂದೆ ಶಾಂತಾ. ಅವಳ ಕೆನ್ನೆಯ ಮೇಲೆ ಹಿಟ್ಟು ಇನ್ನೂ ಹಾಗೇ ಇತ್ತು. ಅದನ್ನು ನೋಡಿದಾಗ ನನಗೆ ನಗು ಬರಲಿಲ್ಲ. ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು.

ಬಸಮ್ಮ ಹಾರ ಬಿದ್ದ ತನ್ನ ಫೋಟೋದ ಮುಂದೆ ಬಂದು ನಿಂತಳು.

"ಮಾಸ್ತರ, ನನ್ನ ಸೀರಿ ಹಸರಿತ್ತಲ್ಲ?"

"ಹೌದಕ್ಕ."

"ಕುಂಕುಮ ಕೆಂಪಿತ್ತಲ್ಲ? ಮನ್ಯಾಗ ಗಂಡ ಕುಂತಾನ. ನನ್ನ ಕುಂಕುಮ ಕರ್ರಗ ಮಾಡೀದಿ, ಮಗಳನ್ನ ಅಳಿಸೀದಿ. ಇದಕ್ಕ ಕಲಾ ಅಂತಾರೇನು?"

ಇಷ್ಟು ವರ್ಷದ 'ಸರ್ರ' ಹೋಗಿ 'ಮಾಸ್ತರ' ಆಗಿತ್ತು. 'ರೀ' ಪೂರ್ತಿ ಉದುರಿತ್ತು. ತಪ್ಪಾಯಿತಕ್ಕ ಎಂದೆ. ಶಾಂತಾಳಿಗೂ ಹೇಳಿದೆ. ಆದರೂ ನನ್ನೊಳಗಿನ ಕಲಾವಿದ ಸಾಯದೆ, "ಅವತ್ತು ಅಷ್ಟು ದೂರ ಏನು ನೋಡ್ತಿದ್ದಿ ಅಕ್ಕ?" ಎಂದು ಕೇಳಿಬಿಟ್ಟ. "ಗ್ಯಾಸ್ ಖಾಲಿ ಆಗಿತ್ತು. ಸಿಲಿಂಡರ್ ಗಾಡಿ ಬರ್ತದೇನಂತ ನೋಡಾಕತ್ತಿದ್ನಿ" ಎಂದಳು. ಬಣ್ಣದ ಫೋಟೋ ಕೊಡುವತನಕ ನನಗೆ ಮಿರ್ಚಿ ಇಲ್ಲ ಎಂದು ಎಲ್ಲರೆದುರು ಹೇಳಿ ಹೋದಳು.

ಮಿರ್ಚಿಯಿಲ್ಲದ ಒಂಬತ್ತು ಸಂಜೆ ಕಳೆದೆ. ಮೂರನೆಯ ದಿನ ಅವಳು ಕೆಂಪು ರೇಷ್ಮೆ ಸೀರೆಯುಟ್ಟು, ಒಲೆ ಆರಿಸಿ, ಎರಡೂ ಕೈ ತೊಡೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಕೂತಳು. ಸಹಜವಾಗಿರು ಎಂದು ನಾನು ಹೇಳಲಿಲ್ಲ. ಬಣ್ಣದ ಗುಂಡಿ ತೋರಿಸಿಕೊಡಲು ಊರಿನ ಮದುವೆ ಫೋಟೋಗ್ರಾಫರನನ್ನೇ ಕಾಲು ಹಿಡಿದು ಕರೆತಂದಿದ್ದೆ. ಒಂಬತ್ತನೆಯ ದಿನ ಕಟ್ಟು ಹಾಕಿಸಿದ ಫೋಟೋ ಕೊಟ್ಟೆ. ಶಾಂತಾ ಬಂದು ನೋಡಿ ನಕ್ಕಳು. ಬಸಮ್ಮ ಸೆರಗಿನಿಂದ ಗಾಜು ಒರೆಸಿ, "ನಿಮ್ದೂ ಒಂದು ಫೋಟೋ ಕೊಡ್ರಿ ಸರ್ರ, ಅಂಗಡ್ಯಾಗ ಹಾಕ್ತೀನಿ" ಎಂದಳು. 'ಸರ್ರ' ಮರಳಿತ್ತು, 'ರೀ' ಮರಳಿತ್ತು. ಮನೆಗೆ ಹೋಗಿ ಕೋಟು ಹಾಕಿಕೊಂಡ ಫೋಟೋ ಒಂದನ್ನು ಆರಿಸಿ, ಕಳಿಸಿಬಿಡು ಎಂದು ಗಿರಿಜಾಳಿಗೆ ಹೇಳಿದೆ. "ಹ್ಞೂಂ" ಎಂದಳು.

ಮರುದಿನ ಸಂಜೆ ಅಂಗಡಿಯ ಮುಂದೆ ಗುಂಪು ಸೇರಿತ್ತು. ಬಾಣಲೆಯ ಮೇಲ್ಗಡೆ ನಾನು ತೂಗುತ್ತಿದ್ದೆ: ಎಡಗಣ್ಣು ಮುಚ್ಚಿ, ನಾಲಿಗೆ ಕಚ್ಚಿ, ಮೊಣಕಾಲೂರಿ. ನನ್ನ ಕೆಳಗೆ ದಾರದಲ್ಲಿ ಒಂದು ಲಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ.

"ಛಲೋ ಆತ್ರಿ ಸರ್ರ" ಎಂದು ಬಸಮ್ಮ ಮೂರನೆಯ ಮಿರ್ಚಿ ತಟ್ಟೆಗೆ ಹಾಕಿದಳು. "ಇದನ್ನ ಕಟ್ಟಿದಾಗಿಂದ ಯಾರ ಕಣ್ಣೂ ತಾಗವಲ್ದು. ಒಂದು ಮಿರ್ಚೀನೂ ಎಣ್ಣಿ ಕುಡೀವಲ್ದು."

ನಾನು ಮತ್ತೊಮ್ಮೆ ಹತ್ತಿರ ಹೋಗಿ ಪರೀಕ್ಷಿಸಿ ನೋಡಿದೆ. ಸದ್ಯ, ಬಣ್ಣದ್ದೇ ಇತ್ತು.